ಮಾವನ ಪಾನಿಗೆ ನೀರು ಹುಡುಕಿದ ಬೇಸಿಗೆ

ಮೊನ್ನೆ ಬೇತಮಂಗಲದ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದವಳಿಗೆ ಆ ಮನೆಯಾಕೆ ಮೊದಲು ಒಂದು ಚೊಂಬು ನೀರು ಕೊಟ್ಟಳು. ಒಂದು ಗುಟುಕು ಒಳಗೆ ಹೋಗುತ್ತಲೇ ನಾನು ಹಾಗೇ ನಿಂತುಬಿಟ್ಟೆ. ಪಾಲಾರು ಹೊಳೆಯ ನೀರು. ಬಾಯಿಗೆ ಹಗುರ, ಗಂಟಲಲ್ಲಿ ಎಲ್ಲೂ ತಡೆಯುವುದಿಲ್ಲ, ಕುಡಿದು ಮುಗಿದ ಮೇಲೆ ಒಂದಿಷ್ಟು ಕೆರೆಮಣ್ಣಿನ ವಾಸನೆ ಬಾಯಲ್ಲಿ ಉಳಿಯುತ್ತದೆ. "ಯಾಕಕ್ಕಾ, ಚೆನ್ನಾಗಿಲ್ವಾ? ಫಿಲ್ಟರ್ ನೀರು ತರಿಸ್ಲಾ?" ಅಂದಳು ಆಕೆ ಗಾಬರಿಯಾಗಿ. "ಅಯ್ಯೋ, ಇದೇ ಇರಲಿ ತಾಯಿ" ಅಂದು ಇನ್ನೊಂದು ಚೊಂಬು ಕೇಳಿ ಕುಡಿದೆ. ಮದುವೆಯಾಗಿ ಬಂಗಾರಪೇಟೆಗೆ ಬಂದ ಮೊದಲ ಬೇಸಿಗೆ ನೆನಪಾಯಿತು. ಆ ಬೇಸಿಗೆ ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅಕ್ಕಪಕ್ಕ ಯಾರೂ ಇಲ್ಲದಿದ್ದರೂ ಆಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಕೋರಮಂಡಲ್‌ನ ಲೈನ್ ಮನೆಯಲ್ಲಿ, ಅಂದರೆ ಚಿನ್ನದ ಗಣಿಯ ಕೆಲಸಗಾರರಿಗೆ ಕಟ್ಟಿದ ಸಾಲುಮನೆಯಲ್ಲಿ. ತಾತ ಗಣಿಯೊಳಗೆ ಇಳಿದು ದುಡಿದವರು. ಗಣಿ ಮುಚ್ಚಿದ ಮೇಲೆ ಅಪ್ಪ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೂಲಿಗೆ ಹೋಗಿ ಬರುತ್ತಿದ್ದರು. ನಮ್ಮಲ್ಲಿ ಬೇರೆ ಏನಿತ್ತೋ ಇಲ್ಲವೋ, ನೀರಿನ ಜಂಬ ಮಾತ್ರ ಧಾರಾಳವಾಗಿತ್ತು. ಬೇತಮಂಗಲದ ಕೆರೆಯಿಂದ ಪೈಪಿನಲ್ಲಿ ಬರುವ ಪಾಲಾರಿನ ನೀರು ನಮ್ಮದು. ಕೆರೆ ಬತ್ತಿದ ವರ್ಷಗಳಲ್ಲಿ ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ಜಡೆ ಎಳೆದಾಡಿದ್ದೂ ಉಂಟು. ಆದರೆ ನಲ್ಲಿಯಲ್ಲಿ ಮತ್ತೆ ಪಾಲಾರು ಬಂದ ದಿನ ಇಡೀ ಲೈನಿನವರು ಹಬ್ಬ ಬಂದ ಹಾಗೆ ಕಾಫಿ ಕಾಸಿಕೊಂಡು ಕುಡಿಯುತ್ತಿದ್ದರು. ನಾನು ಬಿ.ಎಸ್ಸಿ. ಓದಿ ಕೆಮಿಸ್ಟ್ರಿಯಲ್ಲಿ ನಾಲ್ಕಕ್ಷರ ಕಲಿತ ಮೇಲೆ ಈ ಜಂಬಕ್ಕೆ ಕಾರಣವೂ ಸಿಕ್ಕಿತು. ನೀರಿನ ರುಚಿ ಅಂದರೆ ಅದು ಬಂದ ದಾರಿಯ ರುಚಿ. ಮಳೆ ಬಿದ್ದು ಮರಳಿನ ಮೇಲೆ ಹರಿದು ಬಂದ ಹೊಳೆಯ ನೀರು ಒಂದು ಥರ. ಬಂಡೆಯ ಸೀಳಿನಲ್ಲಿ ಎಷ್ಟೋ ಕಾಲ ಕೂತು ಸುಣ್ಣ, ಉಪ್ಪು, ಸುಡುಗಾಡು ಎಲ್ಲ ಕರಗಿಸಿಕೊಂಡ ಬೋರಿನ ನೀರು ಇನ್ನೊಂದು ಥರ. ಎರಡು ಹೊಳೆಗಳ ನೀರೂ ಒಂದೇ ಥರ ಇರುವುದಿಲ್ಲ, ಯಾಕೆಂದರೆ ಅವು ತುಳಿದು ಬರುವ ಕಲ್ಲುಮಣ್ಣು ಬೇರೆ ಬೇರೆ. ಇದನ್ನು ಕೇಳಿದವರಿಗೂ ಕೇಳದವರಿಗೂ ಹಿಡಿದು ಕೂರಿಸಿ ಹೇಳುವ ಚಟ ನನಗೆ.

ನನ್ನ ಮಾವ ಚೌಡಪ್ಪನವರ ಊರು ಬೂದಿಕೋಟೆಯ ಪಕ್ಕದ ಹಳ್ಳಿ. ಆ ಊರಿಗೆ ಮೊದಲ ಬೋರಿಂಗ್ ಬಂದಾಗ ಅವರಿನ್ನೂ ಚಡ್ಡಿ ಹಾಕದ ವಯಸ್ಸಿನವರಂತೆ. ಕೈಪಂಪಿನ ನೀರು ಕುಡಿದೇ ಬೆಳೆದರು. ಆ ನೀರಿನಲ್ಲಿ ಫ್ಲೋರೈಡ್ ಇತ್ತು. ಹಾಲುಹಲ್ಲಿನ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಕ್ಕಳಿಗೆ ಆಮೇಲೆ ಬರುವ ಹಲ್ಲೇ ಕಂದು ಪಟ್ಟೆ ಪಟ್ಟೆಯಾಗಿ ಬರುತ್ತದೆ. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು. ಊರಲ್ಲಿ ಎಲ್ಲರದೂ ಹಾಗೇ ಇದ್ದಿದ್ದರಿಂದ ಯಾರಿಗೂ ಅದೊಂದು ವಿಷಯ ಅನ್ನಿಸಿರಲಿಲ್ಲ. ಬಂಗಾರಪೇಟೆಗೆ ಬಂದು ಸ್ಟೇಷನ್ ಹತ್ತಿರ ಪಾನಿಪುರಿ ಗಾಡಿ ಇಟ್ಟ ಮೇಲೆ ಮಾವ ಹೆಗಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ನಗುವುದನ್ನು ಕಲಿತರು.

ನನ್ನನ್ನು ನೋಡಲು ಅವರೆಲ್ಲ ಕೋರಮಂಡಲ್‌ಗೆ ಬಂದ ದಿನವೂ ಅವರು ಹಾಗೇ ನಕ್ಕರು. ಮೊದಲು ಕೊಟ್ಟ ನೀರನ್ನು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಬಾಯೊಳಗೇ ತಿರುಗಿಸಿ ನುಂಗಿದರು. "ಪಾಲಾರು ನೀರಲ್ವಾ? ಒಳ್ಳೆ ನೀರು ಕಣಪ್ಪಾ. ಆದ್ರೆ ನನ್ನ ಪಾನಿಗೆ ಆಗಾಕಿಲ್ಲ, ಬಲೇ ಮೆತ್ತಗೈತೆ" ಅಂದರು ಅಪ್ಪನಿಗೆ. ಮೆತ್ತಗಿನ ನೀರು! ಕಾಲೇಜಿನಲ್ಲಿ ನಾನು ಪುಟಗಟ್ಟಲೆ ಬರೆದದ್ದನ್ನು ಈ ಮನುಷ್ಯ ನಾಲಿಗೆಯಲ್ಲೇ ಹೇಳುತ್ತಾನಲ್ಲ ಅಂತ ನನಗೆ ಖುಷಿಯೋ ಖುಷಿ. ಅಪ್ಪ ಏನೋ ತಮಾಷೆ ಮಾಡಿದರು. ಮಾವ ನಕ್ಕರು. ಟವೆಲ್ ಬರುವುದು ಸ್ವಲ್ಪ ತಡವಾಯಿತು. ನನ್ನ ಪಕ್ಕ ಕೂತಿದ್ದ ಚಿತ್ತಿ, ಅಂದರೆ ಚಿಕ್ಕಪ್ಪನ ಹೆಂಡತಿ, ನನ್ನ ಕಿವಿಯ ಹತ್ತಿರ ಬಾಗಿ "ಪಲ್ಲು ಪಾರುಡೀ, ತುರು ಪುಡಿಚ್ಚ ಮಾದಿರಿ" ಅಂದಳು. ಹಲ್ಲು ನೋಡೇ, ತುಕ್ಕು ಹಿಡಿದ ಹಾಗಿದೆ ಅಂತ. ಚಿತ್ತಿಯ ಪಿಸುಮಾತು ಅಂದರೆ ಪಕ್ಕದ ಮನೆಗೂ ಕೇಳಿಸುವಂಥದ್ದು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಲೆ ಬಗ್ಗಿಸಿಕೊಂಡೇ ಮಾವನ ಕಡೆ ನೋಡಿದೆ. ಅವರು ಕಿಟಕಿಯಾಚೆಯ ಗಣಿಯ ಬೂದುಗುಡ್ಡ ನೋಡುತ್ತಿದ್ದರು. ಸದ್ಯ, ಕೇಳಿಸಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸ್ಟೇಷನ್ ಮುಂದೆ ಗಾಡಿ ಇಟ್ಟವರಿಗೆ ತಮಿಳು ಬರುವುದಿಲ್ಲವೇ, ಗಿರಾಕಿಗಳಲ್ಲಿ ಅರ್ಧ ಜನ ಅದರಲ್ಲೇ ಅಲ್ಲವೇ ಖಾರ ಜಾಸ್ತಿ ಹಾಕು ಅನ್ನುವುದು ಅಂತ ಆಗ ಹೊಳೆಯಲಿಲ್ಲ. ಹೊಳೆಯುವುದು ಬೇಕಿರಲಿಲ್ಲ ಅಂತಲೇ ಹೇಳಬೇಕು.

ಮದುವೆಯಾಯಿತು. ಯುಗಾದಿ ಇನ್ನೂ ದೂರವಿದ್ದಾಗ ಒಂದು ದಿನ ಮಾವ ಕೋಲಾರಕ್ಕೆ ಹೋದವರು ಬಾಯಿ ತುಂಬ ಹತ್ತಿ ಇಟ್ಟುಕೊಂಡು ಬಂದರು. ವಾರಗಟ್ಟಲೆ ಗಂಜಿ ಕುಡಿದರು. ಆಮೇಲೆ ಒಂದು ಸಂಜೆ ಮೇಲೂ ಕೆಳಗೂ ಬೆಳ್ಳನೆಯ ಹೊಸ ಹಲ್ಲಿನ ಸೆಟ್ ಹಾಕಿಸಿಕೊಂಡು ಮನೆಗೆ ಬಂದು ಬಾಗಿಲಲ್ಲೇ ನಿಂತು ನಕ್ಕರು. ಟವೆಲ್ ಹೆಗಲ ಮೇಲೇ ಇತ್ತು. "ಎಂಗೂ ಅಲ್ಲಾಡ್ತಿದ್ವು, ತೆಗೆಸಿಬಿಟ್ಟೆ" ಅಂದರು. ಅತ್ತೆ ರತ್ನಮ್ಮ "ಮದುವೆಗಂಡು ಆಗೋಗವ್ರೆ ನಿಮ್ಮ ಮಾವ" ಅಂತ ಬಾಯಿಗೆ ಸೆರಗು ಹಿಡಿದು ನಕ್ಕರು. ನನ್ನ ಗಂಡ ಮಂಜು ಅವತ್ತೇ ಅಪ್ಪನನ್ನು ಗಾಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದ.

ಬಂಗಾರಪೇಟೆಯ ಪಾನಿಯ ವಿಷಯ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬೇರೆ ಊರಿನಲ್ಲಿ ಪುದೀನ, ಕೊತ್ತಂಬರಿ ಅರೆದು ಹಸಿರು ಪಾನಿ ಮಾಡುತ್ತಾರೆ. ನಮ್ಮ ಪಾನಿಗೆ ಬಣ್ಣವಿಲ್ಲ. ನೋಡಿದರೆ ಲೋಟದಲ್ಲಿ ಬರೀ ನೀರಿಟ್ಟ ಹಾಗೆ ಕಾಣುತ್ತದೆ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುತ್ತದೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಪದ್ಧತಿ. ನಮ್ಮ ಮನೆಯಲ್ಲಿ ಹಸಿಮೆಣಸಿನಕಾಯಿ, ಶುಂಠಿ ಮತ್ತು ಇನ್ನೂ ಒಂದೆರಡು ಸಾಮಾನು ಜಜ್ಜಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಳಗ್ಗೆ ನೀರಿಗೆ ಇಳಿಬಿಟ್ಟು ಮಧ್ಯಾಹ್ನ ತೆಗೆಯುತ್ತಿದ್ದರು. ಆಮೇಲೆ ಉಪ್ಪು, ನಿಂಬೆಹಣ್ಣು. ಹಸಿರು ಪಾನಿಯಲ್ಲಾದರೆ ನೀರು ಎಂಥದ್ದಾದರೂ ಸೊಪ್ಪಿನ ಕೆಳಗೆ ಬಚ್ಚಿಟ್ಟುಕೊಳ್ಳಬಹುದು. ಬಿಳಿ ಪಾನಿಯಲ್ಲಿ ನೀರಿಗೆ ಮೈಮುಚ್ಚಿಕೊಳ್ಳಲು ಏನೂ ಇಲ್ಲ. ಅದಕ್ಕೇ ಮನೆಯಲ್ಲಿ ಒಂದು ಕಟ್ಟು. ದಿನದ ಮೊದಲ ಪಾನಿ ಮಾವ ರುಚಿ ನೋಡಬೇಕು. ಅವರು ಸರಿ ಅನ್ನುವವರೆಗೆ ಮನೆಯಲ್ಲಿ ಇನ್ಯಾರೂ ಒಂದು ತೊಟ್ಟನ್ನೂ ಬಾಯಿಗೆ ಹಾಕುವಂತಿಲ್ಲ, ಆಮೇಲೂ ಹಾಕುವುದಿಲ್ಲ. "ಮಾರೋ ಪದಾರ್ಥ ಕಣಮ್ಮ, ಎಂಜಲು ಮಾಡಬಾರ್ದು" ಅಂದಿದ್ದರು ಅತ್ತೆ, ನಾನು ಬಂದ ಹೊಸದರಲ್ಲಿ. ಮಾವ ಒಂದು ಪುಟ್ಟ ಸ್ಟೀಲ್ ಲೋಟ ಇಟ್ಟುಕೊಂಡಿದ್ದರು. ಎತ್ತಿ ಬಾಯಿಗೆ ಸುರಿದುಕೊಂಡು, ಕಣ್ಣು ಮುಚ್ಚಿ, ಹುಳಿ ಸಾಲದಿದ್ದರೆ "ಇನ್ನೊಂದು ಅಣ್ಣು" ಅನ್ನುವರು. ಸರಿಯಿದ್ದರೆ "ಓಗಲಿ ಬಿಡು ಗಾಡಿಗೆ" ಅನ್ನುವರು. ಅದೇ ಕಡೆಯ ಮಾತು.

ಆ ವರ್ಷ ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ನಮ್ಮ ಮನೆಯ ಹಿಂದಿನ ಬೋರು ಕೆಮ್ಮತೊಡಗಿತು. ಒಂದಿಷ್ಟು ನೀರು, ಒಂದಿಷ್ಟು ಗಾಳಿ, ಆಮೇಲೆ ಬರೀ ಗಾಳಿ. ಮೋಟಾರಿನವನು ಬಂದು ಪೈಪ್ ಇಳಿಸಿ ನೋಡಿ ಕೈ ಕೊಡವಿ ಹೋದ. ಇಷ್ಟು ವರ್ಷ ಆ ಬೋರಿನ ಗಡುಸು ನೀರಿನಲ್ಲೇ ಪಾನಿ ಆಗುತ್ತಿದ್ದದ್ದು. ಬೀದಿಯಲ್ಲಿ ಮಾತು ಶುರುವಾಗಲು ಎಷ್ಟು ಹೊತ್ತು ಬೇಕು? ಹೊಸ ಸೊಸೆ ಕಾಲಿಟ್ಟಳು, ಗಂಗೆ ಹೊರಟುಹೋದಳು ಅಂದರು. ಅತ್ತೆ ಹಾಗೆ ಅನ್ನಲಿಲ್ಲ. ಆದರೆ ಅಂದವರನ್ನು ಬೈಯಲೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಬೋರು ಕೊರೆದದ್ದು ಯಾವ ಕಾಲದಲ್ಲೋ, ನಾನು ಬಂದದ್ದು ಮೊನ್ನೆ!

ಮೊದಲು ಫಿಲ್ಟರ್ ನೀರಿನ ಕ್ಯಾನ್ ತಂದೆವು. ಸಂಜೆ ಗಾಡಿಯಿಂದ ಬಂದ ಮಂಜುವಿನ ಮುಖ ಸಪ್ಪಗಿತ್ತು. ನಮ್ಮಲ್ಲಿ ಪುರಿ ತಿಂದು ಮುಗಿಸಿದವರು ಕಡೆಗೆ ಬಟ್ಟಲಿಗೆ ಬರೀ ಪಾನಿ ಹಾಕಿಸಿಕೊಂಡು ಕುಡಿದು ಹೋಗುವುದು ವಾಡಿಕೆ. ಗಾಡಿಗೆ ಅದೇ ಮರ್ಯಾದೆ. ಅವತ್ತು ಯಾರೂ ಕೇಳಲಿಲ್ಲವಂತೆ. ಬೆಂಗಳೂರಿನ ರೈಲಿಳಿದು ದಿನವೂ ಬರುವ ಒಬ್ಬ ಮೇಷ್ಟರು ಮೊದಲ ಪುರಿಗೇ ಕಣ್ಣು ಕಿರಿದು ಮಾಡಿ, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಏನೂ ಹೇಳದೆ ಹೋದರಂತೆ. "ಬೈದಿದ್ರೆ ಚೆನ್ನಾಗಿತ್ತು" ಅಂದ ಮಂಜು.

"ಕ್ಯಾನ್ ನೀರು ಸತ್ತ ನೀರು" ಅಂದರು ಮಾವ. ನಾನು ಹೌದು ಹೌದು ಅಂದೆ. ಕರಗಿದ್ದನ್ನೆಲ್ಲ ತೆಗೆದುಹಾಕಿದ ನೀರಲ್ಲಿ ಇನ್ನೇನು ರುಚಿ ಇರುತ್ತದೆ? ಆಮೇಲೆ ಟ್ಯಾಂಕರ್ ನೀರಾಯಿತು. ಅದು ಯಾವ ತೋಟದ ಬೋರಿನದೋ, ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಆಮೇಲೆ ಬೂದಿಕೋಟೆ ಕಡೆ ಹಾಲಿನ ವ್ಯಾನ್ ಓಡಿಸುವ ನೆಂಟನೊಬ್ಬನ ಕೈಯಲ್ಲಿ ಮಾರ್ಕಂಡೇಯ ಡ್ಯಾಮಿನ ನೀರು ತರಿಸಿದೆವು. ಹೊಳೆಯ ನೀರೇ, ಆದರೆ ಪಾಲಾರಿನ ಹಾಗಲ್ಲ. ಕುಡಿದರೆ ಸ್ವಲ್ಪ ದಪ್ಪ, ಹಿಂದೆ ಎಲ್ಲೋ ಒಂದು ಎಲೆ ಕೊಳೆತ ಕಮಟು. ಪಾನಿ ಮಾಡುವ ಮುಂಚೆ ಅದನ್ನು ಲೋಟದಲ್ಲಿ ಕುಡಿದು ನೋಡಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ಬರೀ ನೀರಲ್ಲವೇ. ಪಾನಿಯಾದ ಮೇಲೆ ಮಾತ್ರ ಅದು ಮಾವನದು. ಅವರು ಪ್ರತಿದಿನವೂ ಕಣ್ಣು ಮುಚ್ಚಿ ನೋಡಿ "ಇನ್ನೊಂದು ಅಣ್ಣು, ಇನ್ನೊಂದು" ಅನ್ನುವರು. ಪ್ರತಿ ಸಂಜೆ ಅರ್ಧ ಕೊಡ ಪಾನಿ ವಾಪಸು ಬಂದು ಬಚ್ಚಲಿಗೆ ಹೋಗುತ್ತಿತ್ತು. ಮಾವ ಸುರಿಯುವಾಗ ನಾವೆಲ್ಲ ಬೇರೆ ಕಡೆ ನೋಡುತ್ತಿದ್ದೆವು.

ಕಡೆಗೆ ನನ್ನ ಜಂಬ ಎದ್ದು ಕೂತಿತು. "ನಮ್ಮೂರ ನೀರು ತಂದು ನೋಡೋಣ ಮಾವ. ಮೆತ್ತಗಿದ್ರೂ ಶುದ್ಧವಾಗಿರುತ್ತೆ" ಅಂದೆ. ಬೇರೆ ಸಮಯದಲ್ಲಾಗಿದ್ದರೆ ನಗುತ್ತಿದ್ದರೇನೋ. ಅವತ್ತು "ನೋಡಾನ ತಾಯಿ" ಅಂದರು. ಭಾನುವಾರ ನಾನೂ ಮಂಜುವೂ ಕೋರಮಂಡಲ್‌ಗೆ ಹೋಗಿ, ತವರಿನ ನಲ್ಲಿಯಲ್ಲಿ ಕ್ಯಾನುಗಳನ್ನು ತುಂಬಿಸಿ, ಮಾರಿಕುಪ್ಪಂ ರೈಲಿನ ಬಾಗಿಲಲ್ಲಿ ಇಟ್ಟುಕೊಂಡು ಬಂದೆವು. ರೈಲಿನಲ್ಲಿ ಯಾರೋ "ಬಂಗಾರಪೇಟೆಯಲ್ಲಿ ನೀರಿಲ್ವೇನಮ್ಮಾ?" ಅಂದರು. "ನೀರಿದೆ, ಇಂಥ ನೀರಿಲ್ಲ" ಅಂದೆ ದೊಡ್ಡದಾಗಿ. ಅಂದೇ ಬಿಟ್ಟೆ ನೋಡಿ! ಮರುದಿನ ಗಾಡಿಯ ಮುಂದೆ ಒಬ್ಬ ಹೆಂಗಸು ಪುರಿಯನ್ನು ಬಾಯಿಗೆ ಹಾಕಿ, ಪಕ್ಕಕ್ಕೆ ತಿರುಗಿ ಉಗಿದಳಂತೆ. "ಅಣ್ಣಾ, ನಿಂಬೆಹಣ್ಣಿನ ಉಪ್ಪಿನಕಾಯಿ ಮಾರೋಕೆ ಶುರು ಮಾಡಿದ್ರಾ?" ಅಂದಳಂತೆ. ಮಂಜು ಅದನ್ನು ನನಗೆ ಮಾತ್ರ ಹೇಳಿದ. ಹೇಳಿ, "ಹಿಂಗೇ ಆದ್ರೆ ಗಾಡಿ ನಿಲ್ಲಿಸಿ ನಾನೂ ಬೆಳಿಗ್ಗೆ ರೈಲಿಗೆ ಹೋಗ್ತೀನಿ, ಎಲ್ಲಾದ್ರೂ ಕೂಲಿ ಸಿಗ್ತದೆ. ಅಪ್ಪ ಮಾತ್ರ ಈ ಗಾಡಿ ಬಿಟ್ರೆ ಉಳಿಯಲ್ಲ" ಅಂದ.

ಅವತ್ತು ವಾಪಸು ಬಂದ ಪಾನಿ ಬಚ್ಚಲ ಪಕ್ಕದಲ್ಲಿತ್ತು. ಕಟ್ಟು ಗಿಟ್ಟು ಅಂತ ನೋಡದೆ ಅಂಗೈಯಲ್ಲಿ ತೊಗೊಂಡು ಬಾಯಿಗೆ ಹಾಕಿಕೊಂಡೆ. ಅಬ್ಬಬ್ಬಾ! ಹಲ್ಲೆಲ್ಲ ಚುಳ್ ಅಂದವು. ಹುಳಿಯೆಂದರೆ ಅಂಥಾ ಹುಳಿ. ನೀರಿನ ತಪ್ಪೇ ಅಲ್ಲ ಇದು. ಬೋರಿನ ಗಡುಸು ನೀರು ನಿಂಬೆಯ ಹುಳಿಯನ್ನು ಅರ್ಧ ನುಂಗಿಹಾಕುತ್ತದೆ, ಅದಕ್ಕೇ ಅದಕ್ಕೆ ಹಣ್ಣು ಜಾಸ್ತಿ ಬೇಕು. ಹೊಳೆಯ ನೀರಿಗೂ ಕ್ಯಾನಿನ ನೀರಿಗೂ ಆ ಶಕ್ತಿಯಿಲ್ಲ, ಕಡಿಮೆ ಹಿಂಡಬೇಕು. ಇಷ್ಟೇ. ಆದರೆ ಪಾಲಾರನ್ನು ಒಂದು ಗುಟುಕಿನಲ್ಲಿ ಕಂಡುಹಿಡಿದ ಮಾವನಿಗೆ ಇದು ತಿಳಿಯಲಿಲ್ಲವೇ? ಈ ಬೆಂಕಿಯನ್ನು ಕಣ್ಣು ಮುಚ್ಚಿ ನುಂಗಿ, ಇನ್ನೊಂದು ಹಣ್ಣು ಅಂದರಲ್ಲ?

ಉತ್ತರ ಮರುದಿನ ಊಟದ ಹೊತ್ತಿಗೆ ಸಿಕ್ಕಿತು. ಹೊಸ ಸೆಟ್ ವಸಡಿಗೆ ಒತ್ತುತ್ತಿದ್ದರಿಂದ ಮಾವ ಊಟಕ್ಕೆ ಅದನ್ನು ತೆಗೆದಿಡುತ್ತಿದ್ದರು. ಹಾಗೆ ತೆಗೆದಾಗ ನನ್ನ ಮುಂದೆ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು ಉಣ್ಣುವರು. ನಾನು ಹೊರಗೆ ಟ್ಯೂಷನ್ ಮಕ್ಕಳ ಲೆಕ್ಕ ತಿದ್ದುತ್ತಿದ್ದೆ. ಒಳಗಿನಿಂದ ಬೊಚ್ಚುಬಾಯಿಯ ಮಾತು ಕೇಳಿಸಿತು. "ಏನಮ್ಮೀ ಇದು, ಮಜ್ಜಿಗೆ ಉಳಿ ಬಂದೈತೆ." ಅತ್ತೆ ರುಚಿ ನೋಡಿ "ಎಲ್ಲೈತೆ? ಬೆಳಿಗ್ಗೆ ಕಡೆದಿದ್ದು" ಅಂದರು. "ಐತೆ ಕಣೇ, ಈಗ ತಿರುಗ್ತಾ ಐತೆ, ಸಾಯಂಕಾಲಕ್ಕೆ ನೋಡು" ಅಂದರು ಮಾವ. ಸಾಯಂಕಾಲ ಆ ಮಜ್ಜಿಗೆ ನಿಜವಾಗಿಯೂ ಹುಳಿಯಾಗಿತ್ತು.

ನಾಲಿಗೆ ಎಲ್ಲೂ ಹೋಗಿರಲಿಲ್ಲ. ಮೇಲಿನ ಸೆಟ್ಟಿನ ತಗಡು ಅಂಗುಳನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಬಾಯಿ ತುಂಬ ಪ್ಲಾಸ್ಟಿಕ್ ಇಟ್ಟುಕೊಂಡು ಹುಳಿ, ಖಾರ ಹೇಗೆ ಗೊತ್ತಾಗಬೇಕು? ಬೋರಿನ ನೀರು ಇದ್ದಷ್ಟು ದಿನ ಕೈಯ ಅಭ್ಯಾಸವೇ ನಡೆಸಿತ್ತು, ನೀರು ಬದಲಾದ ಮೇಲೆ ಬಾಯಿ ಬೇಕಾಯಿತು. ನನಗೆ ಲೆಕ್ಕ ಬಿಡಿಸಿದಷ್ಟು ಸಂತೋಷ. ಮಂಜುವಿಗೆ ಹೇಳಿದೆ. ಅವನು ಬೆಚ್ಚಿದವನ ಹಾಗೆ ನೋಡಿ, "ನೀನೇ ಹೇಳು. ನನ್ನ ಕೈಲಾಗಲ್ಲ" ಅಂದ. ಇದರಲ್ಲಿ ಕೈಲಾಗದೆ ಇರುವುದೇನು ಅಂತ ನನಗೆ ಅರ್ಥವಾಗಲಿಲ್ಲ.

ಹಿತ್ತಲಲ್ಲಿ ಮಾವ ಕುಕ್ಕರಗಾಲಲ್ಲಿ ಕೂತು ನಿಂಬೆಹಣ್ಣು ಹಿಂಡುತ್ತಿದ್ದರು.

"ಮಾವ, ಹಣ್ಣು ಸಾಕು" ಅಂದೆ.

ಅವರ ಕೈ ನಿಂತಿತು. "ಯಾರಮ್ಮ ಏಳಿದ್ದು ಸಾಕು ಅಂತ?"

"ಬೋರಿನ ನೀರು ಹುಳಿಯನ್ನ ತಿಂದುಹಾಕ್ತಿತ್ತು ಮಾವ. ಈ ನೀರು ತಿನ್ನಲ್ಲ. ಅಷ್ಟೇ ಹಣ್ಣು ಹಿಂಡಿದ್ರೆ ವಿಪರೀತ ಆಗುತ್ತೆ."

"ನಾನು ರುಚಿ ನೋಡೇ ಅಲ್ವಾ ಇಂಡ್ತಿರೋದು?"

"ಅದೇ ಮಾವ, ನಿಮಗೆ ಗೊತ್ತಾಗ್ತಿಲ್ಲ. ಸೆಟ್ ಅಂಗುಳಿಗೆ ಅಡ್ಡ ಇದೆ. ಅದನ್ನ ತೆಗೆದಿಟ್ಟು ನೋಡಿ, ಗೊತ್ತಾಗುತ್ತೆ."

ಟ್ಯೂಷನ್ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ. ಹಿತ್ತಲ ಗೋಡೆಯಾಚೆ ಪಕ್ಕದ ಮನೆಯವರು ಬಟ್ಟೆ ಒಗೆಯುವ ಸದ್ದು ನಿಂತದ್ದು ಆಮೇಲೆ ನನಗೆ ನೆನಪಾಯಿತು. ಮಾವ ನನ್ನ ಮುಖ ನೋಡಲಿಲ್ಲ. ನಿಂಬೆರಸದ ಕೈಯನ್ನೇ ಎತ್ತಿ ಬಾಯಿ ಮುಚ್ಚಿಕೊಂಡರು. ಒಳಗಿದ್ದದ್ದು ಬೆಳ್ಳನೆಯ ಹೊಸ ಹಲ್ಲು, ಆದರೂ ಮುಚ್ಚಿಕೊಂಡರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅವತ್ತು ಗಾಡಿ ಹೋಗಲಿಲ್ಲ. ಕರಿದಿಟ್ಟ ಪುರಿಯೆಲ್ಲ ಡಬ್ಬದಲ್ಲೇ ಉಳಿಯಿತು.

ಅತ್ತೆ ಬಂದು ನನ್ನ ಪಕ್ಕ ಕೂತರು. ಬೈಯುತ್ತಾರೆ ಅಂದುಕೊಂಡೆ. "ನೀನು ಏಳಿದ್ದು ಸುಳ್ಳಲ್ಲ ಕಣಮ್ಮ" ಅಂದರು. "ನಂಗೂ ಅನುಮಾನ ಇತ್ತು. ಆದ್ರೆ ಎಂಗೆ ಏಳೋದು? ನಿಮ್ಮನೆಯಿಂದ ಬಂದ ದಿನ ಊಟ ಮಾಡ್ಲಿಲ್ಲ ಆ ಮನುಷ್ಯ. ಅಲ್ಲು ತುಕ್ಕು ಅಂದ್ರಂತಲ್ಲ ನಿಮ್ಮೋರು ಯಾರೋ. ಇನ್ನು ಬೀಗರ ಮುಂದೆ ಬಾಯಿ ಮುಚ್ಕಂಡು ನಗಾಕಿಲ್ಲ ಅಂತ ಅಟ ಇಡಿದು ಆಕಿಸ್ಕಂಡ್ರು. ಗಟ್ಟಿಯಾಗಿದ್ದ ಅಲ್ಲೂ ತೆಗೆಸಿದ್ರು. ಅದನ್ನ ತೆಗೆದು ಕೈಯಲ್ಲಿ ಇಡ್ಕಂಡು ಪಾನಿ ನೋಡು ಅಂತ, ನೀನೇ ಏಳ್ತೀಯಲ್ಲಮ್ಮ?"

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಆ ಮಾತು ಅಂದವಳು ನಮ್ಮ ಚಿತ್ತಿ, ಅಂದದ್ದು ನನ್ನ ಕಿವಿಯಲ್ಲಿ, ಪಕ್ಕದಲ್ಲಿ ಕೂತಿದ್ದವಳು ನಾನು. ಎಲ್ಲಿ ಹೋಗಿ ಮುಖ ಮುಚ್ಚಿಕೊಳ್ಳಲಿ? ನೀರು ಯಾವ ಕಲ್ಲಿನ ಮೇಲೆ ಹರಿದರೆ ಏನಾಗುತ್ತದೆ ಅಂತ ಊರಿಗೆಲ್ಲ ಹೇಳುವವಳಿಗೆ, ಅದೇ ನೀರು ಈ ಮನುಷ್ಯನ ಬಾಯಲ್ಲಿ ಏನು ಮಾಡಿತ್ತು ಅನ್ನುವುದು ಪುಸ್ತಕದ ಮಾತಾಗಿಯೇ ಉಳಿದಿತ್ತಲ್ಲ ಅಂತ ಬಹಳ ಹೊತ್ತು ಅಳುತ್ತ ಕೂತೆ.

ಮಾವ ಮತ್ತೆ ಗಾಡಿ ತೆಗೆದರು. ಆದರೆ ಪಾನಿ ರುಚಿ ನೋಡುವುದನ್ನು ನಿಲ್ಲಿಸಿಬಿಟ್ಟರು. ಆ ಪುಟ್ಟ ಲೋಟ ಗೂಡಿನಲ್ಲೇ ಉಳಿಯಿತು. ಅತ್ತೆಯ ಮೂಲಕ ಕೇಳಿಸುವರು. "ಓದಿರೋ ಅಮ್ಮಯ್ಯನ್ನ ಕೇಳು, ಎಷ್ಟು ಅಣ್ಣು ಆಕಬೇಕು ಅಂತ." ನಾನು ಏನಂತ ಹೇಳಲಿ? ಇವತ್ತು ಟ್ಯಾಂಕರ್, ನಾಳೆ ಡ್ಯಾಮ್, ಹಣ್ಣೂ ಒಂದಿದ್ದ ಹಾಗೆ ಒಂದಿಲ್ಲ. ಪುಸ್ತಕದಲ್ಲಿ ಕಾರಣ ಇರುತ್ತದೆ, ಎಷ್ಟು ಹಿಂಡಬೇಕು ಅನ್ನುವುದು ಇರುವುದಿಲ್ಲ. "ನೀವೇ ನೋಡಿ ಮಾವ" ಅನ್ನಲು ಬಾಯಿ ಬರುತ್ತಿರಲಿಲ್ಲ. ಅಂದಾಜಿನಲ್ಲಿ ಒಂದು ಹೇಳುವೆ. ಪಾನಿ ಒಂದು ದಿನ ಹುಳಿ, ಒಂದು ದಿನ ಸಪ್ಪೆ. ಮಾವ ತಲೆ ತಗ್ಗಿಸಿ ಪುರಿ ಒಡೆದು ತುಂಬಿಸಿ ಕೊಡುವರು, ಗಿರಾಕಿಗಳ ಮುಖ ನೋಡುವುದನ್ನೇ ಬಿಟ್ಟಿದ್ದರು. ಮಂಜು ರೈಲಿನ ಪಾಸು ವಿಚಾರಿಸಿಕೊಂಡು ಬಂದ.

ಮಳೆ ಒಂದೆರಡು ಹದ ಬಿತ್ತು. ಆಷಾಢಕ್ಕೆ ನನ್ನನ್ನು ತವರಿಗೆ ಕರೆದುಕೊಂಡು ಹೋಗಲು ಅಪ್ಪ ಬಂದರು, ಜೊತೆಗೆ ಚಿತ್ತಿ. ಆಕೆಯನ್ನು ಬಾಗಿಲಲ್ಲಿ ನೋಡಿದೊಡನೆ ಮಾವ ಎಲ್ಲಿದ್ದಾರೆ ಅಂತ ಹಿಂದೆ ತಿರುಗಿ ನೋಡಿದೆ. ಅವಳಿಗೆ ಏನೂ ನೆನಪಿರಲಿಲ್ಲ, ಪಾಪ. ಅತ್ತೆಯನ್ನು ತಬ್ಬಿಕೊಂಡಳು, ಹೂವು ಮುಡಿಸಿದಳು. ಸಂಜೆ ರೈಲಿಗೆ ಹೊರಟಾಗ "ಬೀಗರ ಪಾನಿಪುರಿ ತಿನ್ನದೆ ರೈಲು ಹತ್ತಲ್ಲಪ್ಪಾ" ಅಂತ ನೇರವಾಗಿ ಗಾಡಿಗೇ ನಡೆದಳು. ನಾನು ಹಿಂದಿನಿಂದ ಸೆರಗು ಎಳೆದರೂ ನಿಲ್ಲಲಿಲ್ಲ. ಗಾಡಿಯ ಮುಂದೆ ರೈಲಿಳಿದವರು ಹತ್ತಾರು ಜನ ನಿಂತಿದ್ದರು. ಕೊಡದಲ್ಲಿದ್ದದ್ದು ನನ್ನ ಅಂದಾಜಿನ ಪಾನಿ.

ಮಾವ ಬೀಗರನ್ನು ನೋಡಿ ಕೈ ಮುಗಿದರು. ಒಂದು ತಟ್ಟೆಯಲ್ಲಿ ಪುರಿ ಒಡೆದು ಜೋಡಿಸಿದರು. ಪಾನಿಗೆ ಸೌಟು ಅದ್ದಿದರು. ಅದ್ದಿದ ಕೈ ಅಲ್ಲೇ ನಿಂತಿತು. ಬೀಗರ ಬಾಯಿಗೆ, ರುಚಿ ನೋಡದ ಪಾನಿ. ಅದು ಅವರ ಕೈಯಲ್ಲಿ ಆಗಲಿಲ್ಲ. ಸೌಟು ಇಟ್ಟು, ಎಲ್ಲರೂ ನೋಡುತ್ತಿದ್ದ ಹಾಗೇ ಬಾಯಿಗೆ ಬೆರಳು ಹಾಕಿ ಮೇಲಿನ ಸೆಟ್ ಕಿತ್ತರು, ಕೆಳಗಿನದನ್ನೂ ಕಿತ್ತರು, ಪಕ್ಕದ ನೀರಿನ ಲೋಟದಲ್ಲಿ ಹಾಕಿದರು. ಕೆನ್ನೆ ಎರಡೂ ಒಳಗೆ ಹೋಗಿ ಒಂದೇ ಕ್ಷಣದಲ್ಲಿ ಮುದುಕರಾದರು. ಗಿರಾಕಿಗಳಲ್ಲಿ ಯಾರೋ ಮುಸಿಮುಸಿ ನಕ್ಕರು. ಮಾವ ಒಂದು ಬಟ್ಟಲು ಪಾನಿ ಎತ್ತಿ ಬಾಯಿಗೆ ಸುರಿದುಕೊಂಡು ಕಣ್ಣು ಮುಚ್ಚಿದರು. ಮುಖವೆಲ್ಲ ಕಿವುಚಿಹೋಯಿತು.

"ಅಯ್ಯಯ್ಯಪ್ಪಾ, ಉಳಿ! ಬಾಯಿಗೆ ಇಡಾಕಾಗಲ್ವಲ್ಲೋ ಮಂಜ" ಅಂದರು. "ಇಂಥಾದ್ದನ್ನ ಇಷ್ಟು ದಿನ ಎಂಗೆ ಕುಡಿದ್ರೋ ಜನ!" ನೀರು ಬೆರೆಸಿದರು. ಒಂದು ಚಿಟಿಕೆ ಉಪ್ಪು ಹಾಕಿದರು. ಕಲಸಿ, ನೋಡಿ, ಜೊತೆಗೆ ತಂದಿದ್ದ ಮಸಾಲೆಯ ಗಂಟನ್ನು ಮತ್ತೊಮ್ಮೆ ಅದ್ದಿ ತೆಗೆದರು. ಮತ್ತೆ ನೋಡಿದರು. ರೈಲಿನ ಹೊತ್ತಾಗುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಆಮೇಲೆ ಬಟ್ಟಲಲ್ಲಿ ಇನ್ನಷ್ಟು ಪಾನಿ ತುಂಬಿ ನನ್ನ ಕಡೆ ಚಾಚಿದರು.

"ತಗೋ ತಾಯಿ. ನೀನೂ ನೋಡು, ಸರಿಹೋಯ್ತಾ?"

ಅವರ ಬಾಯಿ ಪೂರ್ತಿ ತೆರೆದಿತ್ತು. ಬರೀ ವಸಡು. ನಗುತ್ತಿದ್ದರು. ನಾನು ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು ಕುಡಿದೆ. ಸರಿಯಾಗಿತ್ತು. ತಲೆ ಎತ್ತಲಾರದೆ, ಇನ್ನಷ್ಟು ಹಾಕಿ ಅಂತ ಬಟ್ಟಲನ್ನು ಮತ್ತೆ ಅವರ ಮುಂದೆ ಚಾಚಿದೆ.